ಲೇಪದ ಕೆಳಗಿನ ಕಣ್ಣು

ಮೊದಲು ಹಣೆ ಉರಿಯಿತು. ಬಲಗಡೆ ಮಾತ್ರ. ಗಂಡ ತೀರಿದ ಮೇಲೆ ನಮ್ಮ ಜತೆಗೇ ಇರುವ ಅಕ್ಕ, ಹಳೇ ಸೀರೆಗಳಿಂದ ಹೊಲಿಯುತ್ತಿದ್ದ ಕೌದಿಗೆ ಸೂಜಿ ಚುಚ್ಚಿಟ್ಟು, ಸೆರಗು ತಾಗಿದರೂ ಕೆಂಡ ತಾಗಿದ ಹಾಗಾಗುತ್ತದೆ ಎಂದಳು. ಆಮೇಲೆ ನೀರುಗುಳ್ಳೆ ಎದ್ದವು. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ, ಮೂಗಿನ ತುದಿಗೆ ಒಂದು.

ಸರ್ಪಸುತ್ತು.

ನೋಡಿದ ಕೂಡಲೇ ಗೊತ್ತಾಯಿತು. ನಮ್ಮೂರು ಬಾಗಳಿಯ ಸುತ್ತ ಈ ಬೇನೆಗೆ ಮದ್ದು ಹಾಕುವ ಮನೆ ನಮ್ಮದೇ. ಬೇವಿನ ಚಿಗುರು, ಗರಿಕೆ ಅರೆದು, ಕಾವಿಮಣ್ಣಿನಲ್ಲಿ ಕಲಸಿ ಬಳಿಯಬೇಕು. ತಾನಾಗಿ ಒಣಗಿ ಉದುರುವವರೆಗೆ ನೀರು ಸೋಕಬಾರದು. ಅಪ್ಪನಿಂದ ನನಗೆ ಬಂದ ಕೆಲಸ. ಉಚ್ಚಂಗಿದುರ್ಗದಿಂದಲೂ ಜನ ಬರುತ್ತಿದ್ದರು. ಬೆನ್ನಿಗೆ, ಸೊಂಟಕ್ಕೆ ಹಾಕಿ ಎಷ್ಟೋ ಮಂದಿಯನ್ನು ಕಳಿಸಿದ್ದೆ. ಎಲ್ಲರಿಗೂ ವಾಸಿಯಾಗಿತ್ತು.

ನಾನು ಎಲೆ ತರಲು ಹೋದಾಗ ಹೆಂಡತಿ ಅಕ್ಕನನ್ನು ಹರಪನಹಳ್ಳಿಗೆ ಕರೆದೊಯ್ದು ಬಂದಳು. ಅಲ್ಲಿಯ ಡಾಕ್ಟರು ಹರ್ಪಿಸ್ ಎಂದರಂತೆ. ವೈರಸ್ಸಿನಿಂದ ಬರುವುದು, ಮೂಗಿನ ತುದಿಗೆ ಗುಳ್ಳೆ ಎದ್ದರೆ ಕಣ್ಣಿಗೂ ಇಳಿಯುವ ಭಯವಿದೆ, ನಾಳೆಯೇ ದಾವಣಗೆರೆಯಲ್ಲಿ ತೋರಿಸಿ ಎಂದು ಗುಳಿಗೆ ಕೊಟ್ಟಿದ್ದರು.

ಆ ಗುಳಿಗೆಗಳನ್ನು ನಾನು ಜಂತಿಯ ಸಂದಿಯಲ್ಲಿ ತುರುಕಿದೆ.

ಎರಡು ಮದ್ದು ಕೂಡಿದರೆ ವಿಷವಾಗುತ್ತದೆ ಎಂದು ಅಕ್ಕನಿಗೆ ಹೇಳಿದೆ. ಅದು ಪೂರ್ತಿ ನಿಜವಲ್ಲ. ಮದ್ದು ಹಾಕುವ ಮನೆಯವಳೇ ಇಂಗ್ಲಿಷ್ ಗುಳಿಗೆ ನುಂಗಿದಳು ಎಂದು ಊರು ಆಡಿಕೊಂಡರೆ? ನನ್ನ ಮನಸ್ಸಿನಲ್ಲಿ ಇದ್ದದ್ದು ಅದು. ಹೈಸ್ಕೂಲು ಓದಿದವನು ನಾನು. ಆದರೂ.

ಅಕ್ಕ ನಂಬಿದಳು. ನನ್ನನ್ನು ಎತ್ತಿ ಆಡಿಸಿದವಳು ನನ್ನೆದುರು ಮುಖ ಒಡ್ಡಿ ಕೂತಳು. "ಗ್ವಾಡಿಗೆ ಸುಣ್ಣ ಬಳದಂಗ ಬಳೀಬ್ಯಾಡೋ, ಹಬ್ಬ ಇನ್ನೂ ದೂರ ಐತಿ" ಎಂದು ನಗಿಸಿದಳು. ಕಣ್ಣಿನ ಹತ್ತಿರ ನಾನು ಮದ್ದು ಹಾಕಿದ್ದು ಅದೇ ಮೊದಲು. ರೆಪ್ಪೆ ಊದಿ ಮುಚ್ಚಿತ್ತು; ಅದರ ಮೇಲೂ ಬಳಿದೆ. ತಂಪಾಯಿತು ಎಂದಳು. ನನಗೆ ಅಷ್ಟೇ ಸಾಕಾಯಿತು.

ಲೇಪ ಒಣಗಿ ಬಿಗಿಯಿತು. ಅದರ ಕೆಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣುವಂತಿರಲಿಲ್ಲ. ಅಕ್ಕ ಗೋಡೆಗೆ ತಲೆ ಆನಿಸಿ ನರಳತೊಡಗಿದಳು.

"ತಮ್ಮಾ, ಕಣ್ಣಾಗ ಮುಳ್ಳು ಆಡಿಸಿದಂಗ ಆಗೇತಿ. ತೊಳದು ಒಮ್ಮಿ ನೋಡೋ."

"ತಾನಾ ಉದುರ್ತೈತಿ, ತಡಿಯಕ್ಕಾ" ಎಂದೆ.

ಆ ಮಾತನ್ನು ದಿನವೂ ಹೇಳಿದೆ.

ಕೊನೆಗೆ ಹೆಂಡತಿ ನನ್ನನ್ನು ಕೇಳದೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದಳು. ರೆಪ್ಪೆ ಬಿಡಿಸಿದಳು. ಕಪ್ಪುಗುಡ್ಡೆಯ ಮೇಲೆ ಹಾಲಿನಂಥ ಪೊರೆ.

ದಾವಣಗೆರೆಯ ಕಣ್ಣಿನ ಡಾಕ್ಟರು ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. ಕಾರ್ನಿಯಾ ಹುಣ್ಣಾಗಿ ಕಲೆಗಟ್ಟಿದೆ, ಡ್ರಾಪ್ಸ್ ಹಾಕೋಣ, ದೃಷ್ಟಿಯ ಭರವಸೆ ಕೊಡಲಾರೆ ಎಂದರು. ನಾನು ಎಲ್ಲವನ್ನೂ ಹೇಳಿದೆ, ಜಂತಿಯ ಸಂದಿಯನ್ನೂ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಹಾಗಾದರೆ ನಮ್ಮ ಎಲೆ ಸುಳ್ಳೇ ಎಂದು ಕೇಳಿದೆ.

"ಸುಳ್ಳು ಅಂತ ನಾನು ಹೇಳಲ್ಲ. ಬೇವಿನಾಗಿರೋ ಅಂಶಗಳು ವೈರಸ್ಸನ್ನ ತಡೀತಾವಾ ಅಂತ ಲ್ಯಾಬ್‌ನಾಗೆ ನೋಡ್ತಾ ಇದಾರೆ. ಮುಂದೆ ಅದರಿಂದ್ಲೇ ಔಷಧಿ ಬಂದ್ರೂ ಬರಬಹುದು. ಆದ್ರೆ ಬೆನ್ನ ಮೇಲಿನ ಸರ್ಪಸುತ್ತು ಬಾಳ ಮಂದಿಗೆ ತಾನಾಗೇ ಒಣಗುತ್ತೆ ಯಜಮಾನ್ರೇ."

ತಾನಾಗೇ.

ಬಸ್ಸಿನಲ್ಲಿ ಬರುವಾಗ ಅದೊಂದೇ ಮಾತು ತಲೆಯಲ್ಲಿ. ಅಪ್ಪನಿಗೆ, ನನಗೆ ಕೈಮುಗಿದು ಹೋದ ಅಷ್ಟು ಜನರಲ್ಲಿ ಯಾರಿಗೆ ಎಲೆ ಗುಣ ಕೊಟ್ಟಿತು, ಯಾರು ಸುಮ್ಮನೆ ವಾಸಿಯಾದರು, ತಿಳಿಯುವ ದಾರಿಯೇ ನನಗಿಲ್ಲ. ಅಕ್ಕ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನನ್ನ ಹೆಗಲಿಗೆ ಒರಗಿ ಮಲಗಿದ್ದಳು.

ಈಗ ಉರಿ ಇಳಿದಿದೆ. ಬಲಗಣ್ಣಿಗೆ ಬೆಳಕು, ಕತ್ತಲೆ ಮಾತ್ರ ತಿಳಿಯುತ್ತದೆ. ಎಡಗಣ್ಣು ಉಳಿದಿದೆ, ಅದಕ್ಕೆ ದೇವರಿಗೆ ಕೈಮುಗಿಯುತ್ತೇನೆ. ಮದ್ದಿಗೆ ಬಂದವರನ್ನು ಹರಪನಹಳ್ಳಿ ಬಸ್ಸಿಗೆ ಹತ್ತಿಸುತ್ತೇನೆ. ಕೆಲವರು ಸಿಟ್ಟಾಗಿ ಹೋಗುತ್ತಾರೆ.

ಅಕ್ಕ ಮತ್ತೆ ಕೌದಿ ಹಿಡಿದಿದ್ದಾಳೆ. ಒಂದೇ ಕಣ್ಣಿನಲ್ಲಿ ನೋಡಿ ಪೋಣಿಸಹೋದರೆ ದಾರದ ತುದಿ ಸೂಜಿಯ ಹಿಂದೆ ಹೋಗುತ್ತದೆ, ಇಲ್ಲವೇ ಮುಂದೆ. ಅದಕ್ಕೆ ಸೂಜಿಯನ್ನು ನನ್ನ ಕಡೆ ಚಾಚುತ್ತಾಳೆ. ಕ್ಷಮಿಸಿದ್ದೇನೆ ಎಂದು ಅವಳು ಹೇಳಿಲ್ಲ. ನಾನೂ ಕೇಳಿಲ್ಲ. ದಾರದ ತುದಿಯನ್ನು ಎಂಜಲಲ್ಲಿ ಹೊಸೆದು ತೂರಿಸಲು ನೋಡುತ್ತೇನೆ; ತಪ್ಪುತ್ತದೆ.

"ಅವಸರಿಲ್ಲೋ. ನೀ ತಡಿ ಅಂದಾಗ ತಡದಾಕಿ ನಾನು" ಎನ್ನುತ್ತಾಳೆ. "ಪೋಣಸು."