ಮಧ್ಯಾಹ್ನದ ಪಾಳಿ

ನಮ್ಮ ಕಡೆ ಕಂಡಕ್ಟರ್ ಅಜ್ಜ ಎಂದರೆ ಒಬ್ಬರೇ. ಅಗಸೂರಿನಿಂದ ಬಂದು ಅಂಕೋಲೆಯಲ್ಲಿ ಬಸ್ಸು ಬದಲಿಸಿ ಕಾರವಾರದ ಕಾಲೇಜಿಗೆ ಹೋಗುತ್ತಿದ್ದ ದಿನಗಳಿಂದಲೂ ನಾನು ಅವರನ್ನು ಬಲ್ಲೆ. ಟಿಕೆಟ್ ಹರಿಯುತ್ತ, ಸೀಟಿ ಊದುತ್ತ, ನಡುನಡುವೆ ವಿಠ್ಠಲನ ನಾಮ ಹೇಳುತ್ತಿದ್ದರು. "ಅವರ್ಸಾ ಇಳೀರಿ, ವಿಠ್ಠಲ. ಅರ್ಗಾ ಇಳೀರಿ, ವಿಠ್ಠಲ." ನಾವು ಹುಡುಗಿಯರು ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಅವರು ಅರ್ಗಾದವರೇ. ಮನೆ, ಹಿತ್ತಲು, ಬಾವಿ ಎಲ್ಲ ನೌಕಾನೆಲೆಗೆ ಹೋಗಿತ್ತು. ಬಸ್ಸು ಆ ಉದ್ದ ಗೋಡೆಯ ಪಕ್ಕ ಹಾಯುವಾಗ ಯಾರೋ ಒಮ್ಮೆ, ಬೇಜಾರಾಗುವುದಿಲ್ಲವೇ ಎಂದು ಕೇಳಿದರು. "ಆಗ್ತದೆ. ನೆಲ ಹೋತು. ನಾಲಗೆ ನನ್ ಹತ್ರವೇ ಅದೆಯಲ್ಲ" ಎಂದು ಹೇಳಿ ಮುಂದಿನ ಸೀಟಿಗೆ ಹೋದರು. ಆ ಉತ್ತರ ಕೇಳಿದ ಮೇಲೆ ನನಗೆ ನಗು ಬರಲಿಲ್ಲ.

ನಿವೃತ್ತಿಯಾದ ಮೇಲೆ ಅಂಕೋಲೆ ತಾಲೂಕಿನ ಒಂದು ಮೀನುಗಾರ ಕೇರಿಯಲ್ಲಿ, ಗಾಳಿಮರಗಳ ನೆರಳಿಗೆ ಒಂದು ಚಪ್ಪರ ಹಾಕಿಕೊಂಡು ಉಳಿದರು. ಕಾವಿ ಉಡಲಿಲ್ಲ, ಹಳೆಯ ಖಾಕಿ ಅಂಗಿಯನ್ನೇ ಹರಿಯುವವರೆಗೆ ತೊಟ್ಟರು. ಕಾಲಿಗೆ ಬೀಳಲು ಬಂದವರನ್ನು "ಏಳಿ, ಹಿಂದಿನವ್ರಿಗೆ ಜಾಗ ಬಿಡಿ" ಎಂದು ಎಬ್ಬಿಸುತ್ತಿದ್ದರು. ಜನ ಅವರನ್ನು ಸಂತ ಎಂದರು. ನಾನೂ ಅನ್ನುತ್ತೇನೆ, ಯಾರ ಅಪ್ಪಣೆಯೂ ಬೇಕಿಲ್ಲ. ಅವರ ಉಪದೇಶ ಬಹಳ ಉದ್ದದ್ದಲ್ಲ. ಕೆಲಸ ಬಿಟ್ಟು ನಾಮ ಹೇಳಬೇಡಿ, ಕೆಲಸದ ಜೊತೆ ಹೇಳಿ ಎನ್ನುತ್ತಿದ್ದರು. ಮೀನು ಕೊಯ್ಯುವವಳಿಗೂ ಅಷ್ಟೇ, ಗದ್ದೆ ನೆಟ್ಟಿ ಮಾಡುವವಳಿಗೂ ಅಷ್ಟೇ.

ಪ್ರತಿ ಕಾರ್ತಿಕದಲ್ಲಿ ಆ ಚಪ್ಪರದಲ್ಲಿ ಭಜನಾ ಸಪ್ತಾಹ ನಡೆಯುತ್ತಿತ್ತು. ಏಳು ದಿನ, ಹಗಲೂ ಇರುಳೂ, ದೀಪದ ಸುತ್ತ ತಾಳ ಹಿಡಿದು ನಾಮ ಹೇಳುವುದು. ಮೂರು ತಾಸಿಗೊಂದು ಪಾಳಿ, ಒಂದೊಂದು ಪಾಳಿ ಒಂದೊಂದು ಗುಂಪಿಗೆ. ದೀಪ ಆರಬಾರದು, ನಾಮ ನಿಲ್ಲಬಾರದು. ಅಷ್ಟರಲ್ಲಿ ನಾನು ಹೈಸ್ಕೂಲಿನಲ್ಲಿ ಗಣಿತದ ಅಕ್ಕೋರಾಗಿದ್ದೆ. ಪಾಳಿ ಹಂಚುವ ಕೆಲಸ ನನ್ನ ಪಾಲಿಗೆ ಬಂತು. ನಿಯಮವಿಲ್ಲದ ಕೆಲಸ ನನಗೆ ಆಗುವುದಿಲ್ಲ. ಚಪ್ಪರದ ಬಾಗಿಲಲ್ಲಿ ಕಪ್ಪು ಹಲಗೆ ತೂಗಿಸಿ, ದುಂಡು ಅಕ್ಷರದಲ್ಲಿ ಬರೆದೆ: 'ನಾಮ ನಿಂತರೆ ಸಪ್ತಾಹ ಮೊದಲಿನಿಂದ. ನಿಲ್ಲಿಸಿದವರಿಗೆ ಮುಂದೆ ಪಾಳಿಯಿಲ್ಲ.' ಸಪ್ತಾಹದ ಸಮಿತಿಯವರು ತಲೆದೂಗಿದರು. ಅಜ್ಜ ಓದಿ, ದೀಪಕ್ಕೆ ಎಣ್ಣೆ ಹಾಕಲು ಹೋದರು.

ಆ ವರ್ಷ ಕೇರಿಯ ಮೀನುಗಾರ ಹೆಂಗಸರು ತಮಗೂ ಒಂದು ಪಾಳಿ ಬೇಕೆಂದರು. ಅದುವರೆಗೆ ಪಾಳಿಯೆಲ್ಲ ಒಳಊರುಗಳ ರೈತರದ್ದು, ನಮ್ಮಂಥ ನೌಕರಿಯವರದ್ದು. ಚಪ್ಪರ ನಿಂತ ನೆಲ ಮಾತ್ರ ಆ ಹೆಂಗಸರ ಕೇರಿಯದು! ಬೆಳಗಿನ ಪೇಟೆ ಮುಗಿಸಿ ಬಂದರೆ ಮಧ್ಯಾಹ್ನ ಹನ್ನೆರಡರಿಂದ ಮೂರು ಅವರಿಗೆ ಬಿಡುವು. ನಾನೇ ಅಡ್ಡ ಬಾಯಿ ಹಾಕಿದೆ. "ದಂಡೆಗೆ ಬಂಗಡೆ ಬಂದರೆ ಇವರು ತಾಳ ಬಿಸಾಡಿ ಓಡುತ್ತಾರೆ" ಎಂದೆ. ನಾಚಿಕೆಯಾಗುತ್ತದೆ, ಆದರೆ ಹಾಗೆಂದವಳು ನಾನೇ.

"ಓಡಿದ್ರೆ ಓಡ್ಲಿ. ಪಾಳಿ ಕೊಡು ತಂಗಿ" ಎಂದರು ಅಜ್ಜ. ಕೊಟ್ಟೆ.

ಐದು ದಿನ ಒಂದು ಎಳೆಯೂ ತಪ್ಪಲಿಲ್ಲ. ಆರು ಹೆಂಗಸರು ತಲೆಗೆ ಅಬ್ಬಲಿಗೆ ಮುಡಿದು, ತಾಳ ಹಿಡಿದು ನಿಂತರೆ ಗಾಳಿಮರಗಳ ಸದ್ದೇ ಅಡಗುತ್ತಿತ್ತು. ಆರನೆಯ ದಿನ ಅವರ ಪಾಳಿ ಸರಿಯಾಗಿ ನಡೆದಿದೆಯೋ ಇಲ್ಲವೋ ನೋಡಲೆಂದೇ ಹೋದೆ. ತಪ್ಪು ಹುಡುಕುವುದು ನನ್ನ ಕಸುಬಾಗಿತ್ತು. ಅರ್ಧ ತಾಸು ಕಳೆದಿರಬೇಕು, ದಂಡೆಯಿಂದ ಕೂಗು ಕೇಳಿಸಿತು. ರಂಪಣಿ ಬಲೆಗೆ ಬಂಗಡೆಯ ಹಿಂಡು ಸಿಕ್ಕಿತ್ತು. ರಂಪಣಿ ಎಂದರೆ ಇಡೀ ಕೇರಿ ಎರಡು ತುದಿಯ ಹಗ್ಗ ಹಿಡಿದು ದಂಡೆಗೆ ಎಳೆಯಬೇಕಾದ ದೊಡ್ಡ ಬಲೆ. ಕೈ ಕಡಿಮೆಯಾದರೆ ಮೀನೂ ಇಲ್ಲ, ಬಲೆಯೂ ಹರಿಯುತ್ತದೆ.

ಗುಂಪಿನ ಹಿರಿಯ ಹೆಂಗಸು, ಎಲ್ಲರೂ ಆಯಿ ಎನ್ನುತ್ತಿದ್ದವಳು, ತಾಳವನ್ನು ನನ್ನ ಕೈಗೆ ತುರುಕಿದಳು. "ಅಕ್ಕೋರೆ, ಹಗ್ಗ ಎಳೂಕೆ ಜನ ಸಾಲ್ದು. ಈಗ ಬತ್ತೇವೆ. ನಿಲ್ಸಬೇಡಿ!"

ಆರೂ ಜನ ಸೆರಗು ಕಟ್ಟಿ ಓಡಿದರು. ನಾನು ಹೇಳಿದಂತೆಯೇ ಆಯಿತಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು. ಅರವತ್ತು ಮಕ್ಕಳ ಗದ್ದಲದ ಮೇಲೆ ಮಗ್ಗಿ ಹೇಳಿಸಿದ ಗಂಟಲು ನನ್ನದು, ಒಬ್ಬಳೇ ಸಾಕು ಎಂದುಕೊಂಡೆ. ಒಂದು ತಾಸು ಸಲೀಸಾಗಿ ನಡೆಯಿತು. ಆಗ ಒಂದು ನಾಯಿ ಒಳಗೆ ಬಂತು. ಸೀದಾ ಪಂಚಕಜ್ಜಾಯದ ಹರಿವಾಣದ ಹತ್ತಿರ ಹೋಗಿ ಮೂಸಿತು. ನಾನು ನಾಮ ಬಿಟ್ಟು, ತಾಳ ಎತ್ತಿ, "ಹಚಾ! ಹಚಾ! ಹಾಳಾದ್ದೇ, ನಡಿ ಹೊರಗೆ!" ಎಂದು ಚಪ್ಪರ ಹಾರುವಂತೆ ಕೂಗಿದೆ.

ನಾಯಿ ಹೋಯಿತು. ಚಪ್ಪರದಲ್ಲಿ ಸದ್ದೇ ಇರಲಿಲ್ಲ. ಆರು ದಿನಗಳಲ್ಲಿ ಮೊದಲ ಸಲ ಅಲ್ಲಿ ಸಮುದ್ರದ ಸದ್ದು ಕೇಳಿಸಿತು.

ಯಾರೂ ನೋಡಿರಲಿಲ್ಲ. ಬೆದರಿ ಮತ್ತೆ ವಿಠ್ಠಲ ಎಂದು ಹಿಡಿದೆ. ಮೂರಕ್ಕೆ ಮುಂದಿನ ಪಾಳಿಯವರು ತಾಳ ತೆಗೆದುಕೊಂಡರು. ಅದೇ ಹೊತ್ತಿಗೆ ಆಯಿ ಮತ್ತು ಉಳಿದವರು ಒದ್ದೆ ಸೀರೆಯಲ್ಲೇ ಓಡಿ ಬಂದರು. ಅಂಗೈ ಕೆಂಪಾಗಿ ಸುಲಿದಿತ್ತು. "ನಿಂತಿಲ್ಲ ಅಲ್ದಾ ಅಕ್ಕೋರೆ?" ಎಂದು ಆಯಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಸಮಿತಿಯ ಹಿರಿಯರು ಬಂದರು. ವರಸೆಯಲ್ಲಿ ನನಗೆ ಮಾವ. ಪಾಳಿಯವರು ದಂಡೆಗೆ ಓಡಿದ ಸುದ್ದಿ ಅವರಿಗೆ ಮುಟ್ಟಿತ್ತು.

"ನೀನು ಹೇಳ್ದಾಂಗೇ ಆತು ನೋಡು" ಎಂದರು ನನಗೆ. "ನೀನಿದ್ದೆ ಅಂತ ಉಳೀತು. ಮುಂದಿನ ವರ್ಷ ಇವ್ರಿಗೆ ಪಾಳಿ ಬೇಡ."

ಆಯಿ ತಲೆ ತಗ್ಗಿಸಿದಳು. ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಅವರ ಪಾಳಿ ಹೋಗುತ್ತಿತ್ತು. ಹೇಳಿದರೆ ಆರು ದಿನ ನೀರುಪಾಲು, ಅದೂ ನಾನೇ ಬರೆದ ನಿಯಮದಿಂದ. ನಾನು ಸಿಟ್ಟಿನವಳು, ಹಟದವಳು. ಕಳ್ಳಿಯಲ್ಲ.

"ಉಳಿಯಲಿಲ್ಲ ಮಾವ, ನಿಂತಿತು" ಎಂದೆ. "ನಿಲ್ಲಿಸಿದವಳು ನಾನು. ನಾಯಿ ಓಡಿಸಲು ಹೋಗಿ ನಿಲ್ಲಿಸಿದೆ. ಇವರು ಓಡಿ ಹೋದರೂ ನಾಮವನ್ನು ಒಬ್ಬರ ಕೈಗೆ ಕೊಟ್ಟು ಹೋದರು. ಪಾಳಿ ತೆಗೆಯುವುದಾದರೆ ನನ್ನದು ತೆಗೆಯಿರಿ."

ಮಾವ ಹಲಗೆ ನೋಡಿದರು. ಎಲ್ಲರೂ ನೋಡಿದರು. ಹಿಂದಿನಿಂದ ಅಜ್ಜನ ದನಿ ಬಂತು. ಅವರ ಖಾಕಿ ಅಂಗಿಯೂ ಒದ್ದೆ, ತೋಳಿಗೆಲ್ಲ ಮರಳು. ಈ ವಯಸ್ಸಿನಲ್ಲಿ ಅವರೂ ಹಗ್ಗ ಎಳೆಯಲು ಹೋಗಿದ್ದರು!

"ತಂಗಿ, ನೀ ನನ್ ಬಸ್ಸಲ್ಲಿ ಎಷ್ಟ್ ವರ್ಷ ಬಂದಿಯೆ?"

"ಐದು ವರ್ಷ ಅಜ್ಜ."

"ಬಸ್ಸು ಅವರ್ಸಾದಲ್ಲಿ ನಿಂತ್ರೆ, ತಿರುಗಿ ಅಂಕೋಲೆಗೆ ಹೋಗಿ ಅಲ್ಲಿಂದ ಹೊರಡ್ತಿತ್ತನು?"

ಯಾರೋ ಕಿಸಕ್ಕೆಂದರು. ಮಾವನಿಗೂ ನಗು ತಡೆಯಲಾಗಲಿಲ್ಲ.

"ಎಲ್ಲಿ ನಿಂತಿತೋ ಅಲ್ಲಿಂದ ಹೋಗೂದು. ಅಷ್ಟೇಯ" ಎಂದರು ಅಜ್ಜ.

ಹಲಗೆಯನ್ನು ನಾನೇ ಒರೆಸಿದೆ. ಏಳನೆಯ ದಿನಕ್ಕೇ ಸಪ್ತಾಹ ಮುಗಿಯಿತು. ಮಧ್ಯಾಹ್ನದ ಪಾಳಿ ಆ ಹೆಂಗಸರಿಗೇ ಉಳಿಯಿತು, ಪಟ್ಟಿಯಲ್ಲಿ ಏಳನೆಯ ಹೆಸರಾಗಿ ನನ್ನನ್ನೂ ಸೇರಿಸಿಕೊಂಡರು. ಅಂದಿನಿಂದ ಅಬ್ಬಲಿಗೆ ಮುಡಿದೇ ನಿಲ್ಲುತ್ತೇನೆ.

ಅಜ್ಜ ತೀರಿಹೋಗಿದ್ದು ಮೊನ್ನೆಯ ಮಳೆಗಾಲದಲ್ಲಿ. ಆ ಕಾರ್ತಿಕದ ಮೊದಲ ದಿನ ಮಧ್ಯಾಹ್ನ ನಾನು ದೀಪದ ಮುಂದೆ ನಿಂತೆ. ಮೊಳೆಗೆ ಅವರ ಖಾಕಿ ಅಂಗಿ ತೂಗಿತ್ತು. ಮೊದಲ ಸಾಲು ನಾನು ಎತ್ತಿಕೊಳ್ಳಬೇಕಿತ್ತು. ಎತ್ತಿದೆ, ವಿಠ್ಠಲ ಎನ್ನುವಷ್ಟರಲ್ಲಿ ಕಣ್ಣು ಆ ಅಂಗಿಯ ಮೇಲೆ ಬಿತ್ತು, ನಾಮ ನಿಂತಿತು. ಆಯಿಯನ್ನು ಬಿಟ್ಟು ಉಳಿದ ಐವರೂ ನನ್ನ ಮುಖ ನೋಡಿದರು, ತಾಳ ನಿಂತಿತು. ಇಪ್ಪತ್ತು ವರ್ಷ ತರಗತಿಯಲ್ಲಿ ಕೂಗಿದವಳು ಎಲ್ಲರ ಮುಂದೆ ಗಳಗಳನೆ ಅತ್ತೆ.

ಆಯಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ತಡವರಿಸಿ ನನ್ನ ಮೊಣಕೈ ಹಿಡಿದಳು.

"ಎಲ್ಲಿ ನಿಂತಿತು ಅಕ್ಕೋರೆ?" ಎಂದಳು. "ಅಲ್ಲಿಂದ ಹಿಡೀರಿ."

ಹಿಡಿದೆ.