ಅತ್ತೆಯ ಮಡಿಗೆ ನಾನು ಮಾಡಿಕೊಟ್ಟ ಬಾಗಿಲು

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹಾಸನದ ಪಾಲಿಟೆಕ್ನಿಕ್ ಒಂದರಲ್ಲಿ ನಾನು ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದೆ. ಆ ಸಲದ ಪ್ರಾಜೆಕ್ಟುಗಳಲ್ಲಿ ಮುಕ್ಕಾಲು ಪಾಲು ಕಾರ್ಡು ತೋರಿಸಿ ಹಾಜರಿ ಹಾಕುವ ಯಂತ್ರಗಳು. ಮಾಡಿದವರು ಮಾತ್ರ ಕ್ಲಾಸಿಗೆ ಹಾಜರಿರುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಒಂದು ತಂಡ ತಮ್ಮ ಆರ್‌ಎಫ್‌ಐಡಿ ರೀಡರನ್ನು "ಇಟ್ಕೊಳಿ ಮೇಡಂ" ಎಂದು ನನ್ನ ಮೇಜಿನ ಮೇಲೆ ಬಿಟ್ಟುಹೋಯಿತು. ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ. ನಾಲ್ಕು ಬೆರಳು ದೂರದಲ್ಲಿ ಕಾರ್ಡು ಹಿಡಿದರೆ ನಂಬರ್ ಓದಿ ಕುಂಯ್ ಎನ್ನುತ್ತಿತ್ತು. ಅದನ್ನು ಬ್ಯಾಗಿಗೆ ಹಾಕಿಕೊಂಡು ಹೊಳೆನರಸೀಪುರದ ಬಸ್ಸು ಹತ್ತುವಾಗಲೇ ನನಗೆ ಅತ್ತೆಯ ಅಡುಗೆಮನೆ ನೆನಪಾಗಿತ್ತು.

ಅತ್ತೆಗೆ ಮಡಿ. ಸ್ನಾನ ಮಾಡಿ ಬಂದು, ನಾವೆಲ್ಲ ಮುಟ್ಟಿದ ಅಡುಗೆಮನೆಯ ಹಿತ್ತಿಲ ಬಾಗಿಲಿನ ಚಿಲಕಕ್ಕೆ ಒಂದು ಚೊಂಬು ನೀರು ಸುರಿದೇ ತೆಗೆಯುತ್ತಿದ್ದರು. ಬಾಗಿಲ ಬುಡ ಎರಡು ಸಲ ಕೊಳೆತಿತ್ತು. ಊರಿನ ಬಡಗಿಗೆ ನಮ್ಮ ಮಡಿಯ ಮೇಲೆ ಬಹಳ ಗೌರವ.

ಎರಡು ಭಾನುವಾರ ಕೂತು ಚೌಕಟ್ಟಿಗೆ ರೀಡರ್ ಕೂರಿಸಿ, ಕರೆಂಟಿನಿಂದ ಬಿಚ್ಚಿಕೊಳ್ಳುವ ಚಿಲಕ ಹಾಕಿದೆ. ಚಿಲಕ ಬಿಟ್ಟರೆ ಸ್ಪ್ರಿಂಗು ಬಾಗಿಲನ್ನು ತೆರೆಯುತ್ತಿತ್ತು. ಅದಕ್ಕೊಂದು ಕಾರ್ಡನ್ನು ಅತ್ತೆಯ ಮುಂದಿಟ್ಟೆ.

"ಈ ಕಾರ್ಡನ್ನ ಯಾರ್ಯಾರು ಮುಟ್ಟಿದಾರೋ," ಎಂದು ಅತ್ತೆ ಅದನ್ನು ಒಂದು ಗಂಟೆ ತಂಬಿಗೆಯ ನೀರಲ್ಲಿ ಮುಳುಗಿಸಿಟ್ಟರು. ಆಮೇಲೆ ರೀಡರ್ ಮುಂದೆ ಹಿಡಿದರು. ಕುಂಯ್ ಎಂದಿತು, ಬಾಗಿಲು ತೆರೆಯಿತು.

"ಇದಕ್ಕೆ ಬ್ಯಾಟರಿ ಎಲ್ಲಿದೆ?"

"ಬ್ಯಾಟರಿ ಇಲ್ಲ ಅತ್ತೆ. ಆ ಡಬ್ಬಿಯಿಂದ ಅಲೆ ಬರತ್ತೆ, ಅದರಿಂದಲೇ ಕಾರ್ಡಿಗೆ ಶಕ್ತಿ." ಪಾಠ ಹೇಳುವ ಚಟ. ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಹಾಗಾದ್ರೆ ಡಬ್ಬಿ ನನ್ನ ಮುಟ್ಟತ್ತೆ ಅಂತಾಯ್ತು."

ಅವರೇ ಯೋಚಿಸಿ ತೀರ್ಪು ಕೊಟ್ಟರು. "ಗಾಳೀನೂ ಊರೋರನ್ನೆಲ್ಲ ಮುಟ್ಕೊಂಡೇ ಬರತ್ತೆ. ನಾನೇನು ಉಸಿರಾಡೋದು ಬಿಟ್ಟಿದೀನಾ? ಇರ್ಲಿ ಬಿಡು."

ಮೂರು ತಿಂಗಳು ಸುಖವಾಗಿ ಕಳೆಯಿತು. ಆಮೇಲೆ ಮಾವನವರ ತಿಥಿ ಬಂತು. ಅಡುಗೆ ಮುಗಿಸಿ ಅತ್ತೆ ಕೈ ತೊಳೆಯಲು ಬಾವಿಕಟ್ಟೆಗೆ ಹೋದರು. ನಡುಮನೆಯ ಕಡೆಯ ಬಾಗಿಲಿಗೆ ಒಳಗಿಂದ ಅವರೇ ಅಗುಳಿ ಹಾಕಿದ್ದರು. ಬೆಕ್ಕು ಸುಳಿದಾಡುತ್ತಿತ್ತೆಂದು ಹೊರಗಿದ್ದ ನಾನು ಹಿತ್ತಿಲ ಬಾಗಿಲನ್ನು ಎಳೆದುಕೊಂಡೆ. ಅದೇ ಗಳಿಗೆಗೆ ಕರೆಂಟು ಹೋಯಿತು.

ಅತ್ತೆ ಕಾರ್ಡು ಹಿಡಿದರು. ಸದ್ದಿಲ್ಲ. ಕೊಡವಿ ಹಿಡಿದರು. ಸದ್ದಿಲ್ಲ. ಒಳಗಿಂದ ವಡೆಯ ವಾಸನೆ ಮಾತ್ರ ಧಾರಾಳವಾಗಿ ಬರುತ್ತಿತ್ತು. ನನ್ನ ಗಂಡ ತೆಂಗಿನ ಮರ ನೋಡುತ್ತ ನಿಂತರು. ನನಗೆ ಬಾವಿಗೆ ಹಾರುವಂತಾಗಿತ್ತು.

ಎಲೆಯ ಮುಂದೆ ಕೂತಿದ್ದ ಹಿರಿಯ ಪುರೋಹಿತರು ಎದ್ದು ಬಂದರು. "ಕರೆಂಟು ಎಷ್ಟೊತ್ತಿಗೆ ಬರತ್ತಮ್ಮ?"

"ನಾಲ್ಕು ಗಂಟೆ ಆಗ್ಬಹುದು."

ಅವರು ಪಂಚೆ ಎತ್ತಿ ಕಟ್ಟಿ, ಭುಜ ಕೊಟ್ಟು ಒಂದೇ ಏಟಿಗೆ ಬಾಗಿಲು ತಳ್ಳಿದರು. ಚಿಲಕ ಚೌಕಟ್ಟಿನ ಚೂರಿನ ಸಮೇತ ಕಿತ್ತು ಬಂತು. ಆ ದಿನ ಅವರು ತಿಂದ ವಡೆಗಳನ್ನು ಯಾರೂ ಆಕ್ಷೇಪಿಸಲಿಲ್ಲ.

ಸಂಜೆ, ಎಲ್ಲವನ್ನೂ ಬಿಚ್ಚಿಬಿಡುತ್ತೇನೆ ಎಂದೆ.

"ಬೇಡ. ಕರೆಂಟು ಹೋದ್ರೂ ನಡಿಯೋ ಹಾಗೆ ಮಾಡು," ಎಂದರು ಅತ್ತೆ.

ಮುಂದಿನ ಭಾನುವಾರ ಚಿಲಕ ಮತ್ತೆ ಕೂರಿಸಿ, ಗಂಡನ ಸ್ಕೂಟರಿನ ಬ್ಯಾಟರಿ ಕಿತ್ತು ಅದಕ್ಕೆ ಜೋಡಿಸಿದೆ. ನನ್ನೆದುರು ಅತ್ತೆ ಎಂದೂ ಹೊಗಳಿದವರಲ್ಲ. ಆದರೆ ಹಾಲು ಹಾಕುವ ಹೆಂಗಸು ಒಂದು ದಿನ ಅಂದಳು: "ಅಮ್ಮಾರು ಬೀದಿಗೆಲ್ಲಾ ಏಳ್ಕಂಡ್ ಬತ್ತಾವ್ರೆ ಕಣವ್ವ, ನಮ್ ಸೊಸೆ ಮಾಡಿದ್ದು ಅಂತ."

ನನ್ನ ಗಂಡ ಆ ತಿಂಗಳೆಲ್ಲ ಸ್ಕೂಟರನ್ನು ತಳ್ಳಿಯೇ ಸ್ಟಾರ್ಟ್ ಮಾಡಿದರು.