ಹೂಜಿಗಿಡಕ್ಕೆ ಸೆಗಣಿಗೊಬ್ಬರ

ಅಖಿಲ ಗಜೇಂದ್ರಗಡ ಸಸ್ಯವಿಜ್ಞಾನ ಮಹಾಸಭೆಯ ಮಾನ್ಯ ಸದಸ್ಯರೇ, ಇಂದು ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಒಂದು ಗಿಡದ ಗಡಿಪಾರು ಸ್ವಲ್ಪದರಲ್ಲೇ ತಪ್ಪಿತು.

ಎಂಟು ವರ್ಷದ ಮಗಳು ಪಲ್ಲವಿಗೆ ಹುಳ ಹಿಡಿದು ತಿನ್ನುವ ಹೂಜಿಗಿಡದ ಪಾಠ ಮಾಡುತ್ತಿದ್ದೆ. ನೀರಿನ ಬಾಟಲಿ ಕತ್ತರಿಸಿ, ಹಸಿರು ಬಣ್ಣ ಬಳಿದು, ಬಾಯಿಗೆ ಬೆಲ್ಲದ ಪಾಕ ಸವರಿ ಕುಂಡದಲ್ಲಿ ನಿಲ್ಲಿಸಿದ್ದೆವು. ನೊಣದ ಪಾತ್ರದಲ್ಲಿ ಒಣದ್ರಾಕ್ಷಿ. ಜೊತೆಗೆ ನನ್ನದೊಂದು ಪ್ರಾಸ:

‘ಬೆಲ್ಲ ನೆಕ್ಕಲು ಬಂತು ನೊಣ,
ಜಾರಿ ಬಿತ್ತು ಅದೇ ಕ್ಷಣ!’

ನನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹುಳಾ ತಿನ್ನೂ ಗಿಡಾ, ಲಿಂಗಪೂಜಿ ಮಾಡೂ ಮನಿಯಾಗ? ಹೊರಗ ಒಗಿ ಅದನ್ನ.”

“ಅದನ್ನ ಒಗದ್ರ ನಾ ಉಣ್ಣಂಗಿಲ್ಲ” ಎಂದು ಪಲ್ಲವಿ ಕುಂಡವನ್ನು ತಬ್ಬಿಕೊಂಡು ಕೂತಳು. ಕಣ್ಣು ತುಂಬಿದ್ದವು.

ನಾನು ನಡುವೆ ಬಾಯಿ ಹಾಕಿದೆ. “ಅವ್ವಾ, ಅದು ಬೆಳಿಯೂ ಮಣ್ಣಾಗ ಸತ್ವನ ಇರಂಗಿಲ್ಲ. ಅದಕ್ಕ ಹುಳಾ ತಿಂತೈತಿ.”

ಅವ್ವನ ಮುಖ ಮೆತ್ತಗಾಯಿತು. “ಹಸಗೊಂಡು ತಿಂತೈತೇನ? ಮೊದಲ ಹೇಳಬಾರದನೋ, ಶಾಣ್ಯಾ!”

ಹಿತ್ತಲಿಗೆ ಹೋಗಿ ಎರೆಮಣ್ಣು, ಸೆಗಣಿಗೊಬ್ಬರ ಬೊಗಸೆ ತುಂಬ ತಂದು ಬಾಟಲಿಯ ಬುಡಕ್ಕೆ ಸುರಿದಳು. “ಇನ್ನ ಹೊಟ್ಟಿ ತುಂಬತೈತಿ. ಹುಳದ ಚಟಾ ತಾನ ಬಿಡತೈತಿ. ಬಾ ನನ ಬಂಗಾರ, ನೀನೂ ಉಣ್ಣ ಬಾ.”

ಪಲ್ಲವಿ ಅಜ್ಜಿಯ ತಟ್ಟೆಯಲ್ಲೇ ರೊಟ್ಟಿ ಮುರಿಯುತ್ತ ನನ್ನನ್ನು ಕೇಳಿದಳು: “ಖರೇನ ಬಿಡತೈತೇನಪ್ಪಾ?”

ಹೂಜಿಗಿಡಕ್ಕೆ ಗೊಬ್ಬರ ಹಾಕಿದರೆ ಬೇರು ಸುಟ್ಟು ಸಾಯುತ್ತದೆ. ಅದು ನನಗೆ ಚೆನ್ನಾಗಿ ಗೊತ್ತು. “ಹೌದವಾ, ಬಿಡತೈತಿ” ಎಂದು ಸುಳ್ಳು ಹೇಳಿ ನಾನೂ ಉಣ್ಣಲು ಕೂತೆ.